ಹೊಗೆ ಕೊಳವೆಗೆ ಕಟ್ಟಿದ ಗೋಣಿಚೀಲ

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಗ್ಯಾಸ್ ಗೀಸರ್ ಆರಿತು. ಆ ದಿನ ಅದು ಆರಿದ್ದು ನಾಲ್ಕನೆಯ ಸಲ.

ಬಚ್ಚಲಿನೊಳಗೆ ಹನ್ನೊಂದು ದಿನದ ಬಾಣಂತಿ ಕೀರ್ತನಾ ಮೈತುಂಬ ಹರಳೆಣ್ಣೆ, ತಲೆತುಂಬ ಸೀಗೆಪುಡಿ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತಿದ್ದಳು. ಅವಳಿಗೆ ನೀರು ಹಾಕುತ್ತಿದ್ದ ಅಜ್ಜಿ ಗಾದೆಮ್ಮ ಚೊಂಬನ್ನು ಬಕೆಟ್ಟಿಗೆ ಒಗೆದ ಸದ್ದು ಅಡುಗೆಮನೆಯವರೆಗೂ ಕೇಳಿಸಿತು.

“ಲೇ ಜಂಬ್ಯಾ! ನಿನ್ನ ಡಬ್ಬಿ ಮತ್ತ ಸತ್ತೈತಿ ನೋಡಲೇ! ಬಾಣಂತಿ ನಡುಗಾಕ ಹತ್ಯಾಳ!”

ರೊಟ್ಟಿ ಮುರಿಯುತ್ತಿದ್ದ ಜಂಬುನಾಥ ಕೂತಲ್ಲಿಂದಲೇ ಕೂಗಿದ. “ನಳ ಬಂದ್ ಮಾಡಿ ಮತ್ತ ಬಿಡು ಅಜ್ಜಿ. ತಾನ ಹೊತ್ಕೊಂತೈತಿ.”

“ಮೂರು ಸಲ ಮಾಡೀನಿ. ಇನ್ನ ನಿನ್ನ ತಲಿ ಮ್ಯಾಲೆ ಹೊತ್ತಿಸ್ಲೇನು?”

“ಶೃತೀ,” ಎಂದಳು ಅವಳ ಅತ್ತೆ ತಿಪ್ಪೇರುದ್ರಮ್ಮ, ಮಗಳ ಕೂಸನ್ನು ತೊಡೆಯಿಂದ ಇಳಿಸದೆ. “ಒಲಿ ಮ್ಯಾಲೆ ದೊಡ್ಡ ಪಾತೇಲಿ ಇಡವಾ. ನಿಂತ್ಕೊಂಡು ಏನ್ ನೋಡ್ತಿ?”

ಶೃತಿ ಆಗಲೇ ಇಟ್ಟಿದ್ದಳು. ಆ ವಾರವೆಲ್ಲ ಅವಳ ಕೆಲಸ ಅದೇ ಆಗಿತ್ತು. ರೊಟ್ಟಿ ಬಡಿಯುವುದು ನಿಲ್ಲಿಸಿ ನೀರು ಕಾಯಿಸುವುದು, ಕುದಿಯುವ ಪಾತೇಲಿಯನ್ನು ಬಟ್ಟೆಯಲ್ಲಿ ಹಿಡಿದು ಹಿತ್ತಲ ಪಡಸಾಲೆ ದಾಟಿಸುವುದು, ಬಚ್ಚಲ ಬಾಗಿಲು ಒಂದು ಗೇಣು ತೆರೆದಾಗ ಒಳಗೆ ತಳ್ಳುವುದು, “ಗಾಳಿ ಬರ್ತೈತಿ, ಮುಚ್ಚು ಮುಚ್ಚು” ಎಂದು ಬೈಸಿಕೊಳ್ಳುವುದು. ಮುಂಗೈ ಮೇಲೆ ಎರಡು ಬೊಬ್ಬೆ ಎದ್ದಿದ್ದವು.

ಜಂಬುನಾಥ ಅವಳ ಗಂಡ, ಕೀರ್ತನಾಳ ಅಣ್ಣ. ಕೊಟ್ಟೂರಿನಲ್ಲಿ ಬಸ್ ನಿಲ್ದಾಣದ ಹತ್ತಿರ ಅವನದು ನಳ, ಪೈಪು, ಗ್ಯಾಸ್ ಗೀಸರ್ ಮಾರಿ ಕೂರಿಸಿಕೊಡುವ ಅಂಗಡಿ. ಮನೆಯ ಗೀಸರನ್ನೂ ಮೂರು ವರ್ಷದ ಹಿಂದೆ ಅವನೇ ಕೂರಿಸಿದ್ದ. ನಳ ಬಿಟ್ಟರೆ ನೀರಿನ ಒತ್ತಡಕ್ಕೆ ತಾನೇ ಹೊತ್ತಿಕೊಳ್ಳುತ್ತದೆ, ನಿಲ್ಲಿಸಿದರೆ ಆರುತ್ತದೆ, ಯಾರಾದರೂ ಮರೆತು ಬಿಟ್ಟರೂ ಇಪ್ಪತ್ತು ನಿಮಿಷಕ್ಕೆ ತಾನಾಗಿ ನಿಲ್ಲುತ್ತದೆ. ಈ ಮೂರು ವರ್ಷದಲ್ಲಿ ಅದು ಇದಕ್ಕಿಂತ ಬೇರೆ ರೀತಿ ನಡೆದುಕೊಂಡಿರಲಿಲ್ಲ. ಈಗ ಹೊತ್ತಿಕೊಂಡ ನಾಲ್ಕೇ ನಿಮಿಷಕ್ಕೆ ಆರುತ್ತಿತ್ತು. ಜಂಬುನಾಥ ಎರಡು ಸಲ ಸೆಲ್ ಬದಲಿಸಿದ್ದ, ನೀರಿನ ಜಾಲರಿ ತೊಳೆದಿದ್ದ, ಸಿಲಿಂಡರ್ ಬದಲಿಸಿದ್ದ. ಏನೂ ಆಗಿರಲಿಲ್ಲ.

ಕಾರಣ ಶೃತಿಗೆ ಸಿಕ್ಕಿದ್ದು ಆ ದಿನ ಹನ್ನೊಂದು ಗಂಟೆಗೆ, ಕೂಸಿನ ಬಟ್ಟೆ ಒಣಗಿಸಲು ಮನೆಯ ಹಿಂದಕ್ಕೆ ಹೋದಾಗ. ಬಚ್ಚಲ ಗೋಡೆಯಿಂದ ಹೊರಗೆ ಚಾಚಿದ ಗೀಸರಿನ ಹೊಗೆ ಕೊಳವೆಯ ಬಾಯಿಗೆ ಗೋಣಿಚೀಲ ಸುತ್ತಿ, ಹುರಿಯಿಂದ ಬಿಗಿದು ಕಟ್ಟಿತ್ತು. ಪಕ್ಕದ ಗವಾಕ್ಷಿಗೆ ಹಳೆಯ ಕಂಬಳಿ ತುರುಕಿತ್ತು. ಗಂಟು ನೋಡಿದರೇ ಗೊತ್ತಾಗುತ್ತಿತ್ತು. ಕುರಿ ಹಟ್ಟಿಯ ತಡಿಕೆಗೆ ಹಾಕುವ ಗಂಟು, ಮಾವ ಪಾಲಾಕ್ಷಪ್ಪನದು.

ಅಂಗಡಿಯಲ್ಲಿ ಮಧ್ಯಾಹ್ನದ ಹೊತ್ತು ಕೂತು ರಸೀದಿ ಬರೆಯುವುದು, ಫೋನ್ ಎತ್ತುವುದು, ಕಂಪನಿಯವರು ಡಬ್ಬಿಯೊಳಗೆ ಇಟ್ಟು ಕಳಿಸುವ ಇಂಗ್ಲಿಷ್ ಪುಸ್ತಿಕೆ ಓದಿ ಗಂಡನಿಗೆ ಹೇಳುವುದು ಶೃತಿಯ ಪಾಲಿನ ಕೆಲಸ. ಅವಳು ಬಿ.ಎಸ್ಸಿ. ಓದಿದವಳು. ಜಂಬುನಾಥ ಪಿಯುಸಿಗೆ ನಿಂತವನು, ಆದರೆ ಕೈ ಪಳಗಿದವನು. ಅಂದು ಅವಳು ಆ ಪುಸ್ತಿಕೆಯನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಒಂಬತ್ತನೆಯ ಪುಟದಲ್ಲಿ ಇತ್ತು. ಕೊಳವೆಯ ಬುಡದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಬಿಲ್ಲೆಯಿದೆ, ಅದಕ್ಕೆ ಎರಡು ವೈರುಗಳಿವೆ. ಉರಿಯ ಹೊಗೆ ಹೊರಗೆ ಹೋಗದೆ ಕೋಣೆಯೊಳಕ್ಕೆ ತಿರುಗಿದರೆ ಬಿಲ್ಲೆ ಕಾಯುತ್ತದೆ. ಕಾದ ಕೂಡಲೇ ಗ್ಯಾಸ್ ನಿಲ್ಲುತ್ತದೆ. ಪದೇ ಪದೇ ಹೀಗಾದರೆ ಕೊಳವೆಯ ದಾರಿ ನೋಡಿ.

ರಾತ್ರಿ ಊಟದ ಹೊತ್ತಿಗೆ ಮನೆಗೆ ಬಂದವಳು ಬಡಿಸುತ್ತಲೇ ಹೇಳಿದಳು.

“ಅಜ್ಜಿ, ಗೀಸರ್ ಕೆಟ್ಟಿಲ್ಲ. ಹಿಂದ ಪೈಪಿಗೆ ಚೀಲ ಕಟ್ಯಾರ. ಹೊಗಿ ಹೊರಗ ಹೋಗಾಕ ದಾರಿ ಇಲ್ಲ. ಅದಕ್ಕ ಅದು ತಾನ ಆರತೈತಿ. ನಿಮ್ಮನ್ನ ಉಳಿಸಾಕ ಆರತೈತಿ.”

“ಚೀಲ ನಾನ ಕಟ್ಟಿಸೀನಿ,” ಎಂದಳು ಗಾದೆಮ್ಮ. ಎಪ್ಪತ್ತಾರು ವರ್ಷದ ಆಕೆ ಓಣಿಯ ಅರ್ಧ ಮಂದಿಗೆ ಬಾಣಂತನ ಮಾಡಿದವಳು. “ಆ ಪೈಪಿನಿಂದ ಥಣ್ಣನ ಗಾಳಿ ಬರ್ತಿತ್ತು. ಹಸಿ ಮೈಗೆ ಗಾಳಿ ಬಡದ್ರ ಏನಾಗತೈತಿ ಗೊತ್ತೈತೇನು ನಿನಗ?”

“ಹೊಗಿ ಒಳಗ ನಿಂತ್ರ ಏನಾಗತೈತಿ ಅಂತ ಇದರಾಗ ಬರದಾರ. ಜೀವ ಹೋಗತೈತಿ ಅಂತ ಬರದಾರ.”

“ಎಲ್ಲೈತಲೇ ಹೊಗಿ? ನನ್ನ ಕಣ್ಣಿಗೆ ಕಾಣವಲ್ದು, ಮೂಗಿಗೆ ಬರವಲ್ದು.”

“ಕಾಣಂಗಿಲ್ಲ ಅಜ್ಜಿ, ವಾಸನಿನೂ ಇರಂಗಿಲ್ಲ. ಅದಕ್ಕ...”

“ಕಾಣಂಗಿಲ್ಲಂತ, ವಾಸನಿ ಇಲ್ಲಂತ, ಆದ್ರ ಐತಂತ!” ಗಾದೆಮ್ಮ ತಟ್ಟೆ ಸರಿಸಿದಳು. “ಐವತ್ತು ವರ್ಷ ನೀರು ಹಾಕೀನಿ. ನನ್ನ ಕೈಯಾಗ ಒಬ್ಬಾಕೆರ ಸತ್ತಾಳೇನು, ಕೇಳ್ರಿ ಓಣ್ಯಾಗ. ಹಡೆದಾಕಿಗೆ ಹೆಂಗ ಎರೀಬೇಕು ಅಂತ ಈಗ ಹಡೀಲಾರದಾಕಿ ಕಡಿಂದ ಕಲೀಬೇಕು ನಾನು.”

ತಿಪ್ಪೇರುದ್ರಮ್ಮ “ಅತ್ತಿ, ಹಂಗ ಅನಬ್ಯಾಡ್ರಿ” ಎಂದಳು, ಆದರೆ ಮೆಲ್ಲಗೆ. ಪಾಲಾಕ್ಷಪ್ಪ ಮಜ್ಜಿಗೆ ಕೇಳಿದ. ಶೃತಿ ಗಂಡನ ಮುಖ ನೋಡಿದಳು. ಅವನು ಅನ್ನ ಕಲೆಸುತ್ತಿದ್ದ. ಮದುವೆಯಾಗಿ ಮೂರು ವರ್ಷವಾಗಿತ್ತು. ಡಾಕ್ಟರರು ಇಬ್ಬರಲ್ಲೂ ದೋಷವಿಲ್ಲ, ಕಾಯಿರಿ ಎಂದಿದ್ದರು. ಅದು ಈ ಮನೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು, ಅವನು ಬಾಯಿ ಬಿಡಲಿಲ್ಲ.

ಅವಳು ಸಾರಿನ ಸೌಟನ್ನು ಅವನ ತಟ್ಟೆಯ ಪಕ್ಕಕ್ಕೆ ಕುಕ್ಕಿ ಒಳಗೆ ಹೋದಳು.

ಮರುದಿನ ಭಾನುವಾರ ಜಂಬುನಾಥ ಸ್ಕ್ರೂಡ್ರೈವರ್ ಹಿಡಿದು ಬಚ್ಚಲಿಗೆ ಇಳಿದ. ಶೃತಿಯನ್ನು ಟಾರ್ಚ್ ಹಿಡಿಯಲು ಕರೆದ. ಗೀಸರಿನ ಮುಖದ ತಗಡು ಬಿಚ್ಚಿ, ಕೊಳವೆಯ ಬುಡಕ್ಕೆ ಕೈ ಹಾಕಿ, ಬಿಲ್ಲೆಯ ಎರಡು ವೈರುಗಳನ್ನು ಕತ್ತರಿಸಿದ. ತುದಿ ಸುಲಿದು ಒಂದಕ್ಕೊಂದು ಹೆಣೆದು ಕಪ್ಪು ಟೇಪ್ ಸುತ್ತಿದ. ಅಷ್ಟಕ್ಕೆ ನಾಲ್ಕು ನಿಮಿಷ ಹಿಡಿಯಿತು.

“ಏನ್ ಮಾಡಿದ್ರಿ ಇದು?”

“ಬೈಪಾಸ್. ಇನ್ನ ಆರಂಗಿಲ್ಲ.”

“ನಾ ನಿನ್ನಿ ಓದಿ ಹೇಳೀನಲ್ಲ. ಚೀಲ ಬಿಚ್ಚಿದ್ರ ಮುಗೀತಿತ್ತು. ಚೀಲ ಬಿಟ್ಟು ವೈರ್ ಕತ್ತರಿಸ್ತೀರಿ?”

“ಚೀಲ ಬಿಚ್ಚಿದ್ರ ಅಜ್ಜಿ ಮನಿ ಮ್ಯಾಲಕ್ಕ ತಗೊಂತಾಳ. ಬಾಣಂತನ ಮುಗಿಯೋ ಮಟ ಅಷ್ಟ.”

“ಏನಾರ ಆದ್ರ?”

“ಏನೂ ಆಗಂಗಿಲ್ಲ. ಕಂಪನಿಯವ್ರು ಹೆದರುಪುಕ್ಲರು, ಹತ್ತು ನಮೂನಿ ಇಟ್ಟಿರ್ತಾರ. ಎಲ್ಲಾ ಕಡಿ ಇದ ಮಾಡೋದು ನಾವು.”

“ಎಲ್ಲಾ ಕಡಿ ಅಂದ್ರ?”

“ಲೇ, ಟಾರ್ಚ್ ನೆಟ್ಟಗ ಹಿಡಿ.”

ಸೋಮವಾರ ಬೆಳಿಗ್ಗೆ ಗೀಸರ್ ಆರಲಿಲ್ಲ. ಗಾದೆಮ್ಮ ಕೊಡಗಟ್ಟಲೆ ನೀರು ಹಾಕಿ, ಮೊಮ್ಮಗನನ್ನು ಹರಸುತ್ತ ಹೊರಗೆ ಬಂದಳು. ಜಂಬುನಾಥನಿಗೆ ಆ ದಿನ ರೊಟ್ಟಿಯ ಮೇಲೆ ಬೆಣ್ಣೆ ಬಿತ್ತು.

ಶೃತಿ ಹಿಂದಕ್ಕೆ ಹೋಗಿ ಹುರಿ ಕೊಯ್ದು ಚೀಲ ಕಿತ್ತಳು. ಸಂಜೆಯೊಳಗೆ ಅದು ಮತ್ತೆ ಕಟ್ಟಿತ್ತು. ಮಂಗಳವಾರ ಮತ್ತೆ ಕೀಳಲು ಹೋದಾಗ ಪಾಲಾಕ್ಷಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ.

“ಮುಟ್ಟಬ್ಯಾಡವಾ.”

“ಮಾವ, ನೀವಾರ ತಿಳ್ಕೊಳ್ರಿ. ಹಟ್ಟ್ಯಾಗ ಚಳಿಗಾಲದಾಗ ಕೆಂಡ ಇಟ್ಟು ತಡಿಕಿ ಮುಚ್ಚಿದ್ರ ಮರಿಗಳು ಸಾಯ್ತಾವ ಅಂತ ನೀವ ಹೇಳ್ತೀರಿ. ಇದು ಅದ.”

ಆತ ಒಂದು ಗಳಿಗೆ ಕೈ ನಿಲ್ಲಿಸಿದ. “ನಮ್ಮವ್ವ ಹೇಳ್ಯಾಳ, ನಾ ಕಟ್ಟೀನಿ. ಹೆಣ್ಮಕ್ಕಳ ವಿಷಯದಾಗ ನಾ ಬರಂಗಿಲ್ಲ.”

“ಕಟ್ಟಾಕ ಬಂದ್ರಲ್ಲ.”

ಪಾಲಾಕ್ಷಪ್ಪ ಹಗ್ಗ ಅಲ್ಲೇ ಬಿಟ್ಟು ಎದ್ದ. ಸೊಸೆ ಅಷ್ಟು ಮಾತಾಡಿದ್ದನ್ನು ಮಾತ್ರ ಒಳಗೆ ಹೋಗಿ ಹೇಳಿದ.

ಆ ವಾರದಲ್ಲೇ ಕೀರ್ತನಾಗೆ ತಲೆನೋವು ಶುರುವಾಯಿತು. ನೀರು ಹಾಕಿಸಿಕೊಂಡು ಬಂದು ಹೊರಸಿನ ಮೇಲೆ ಮಲಗಿದರೆ ತಲೆ ಸುತ್ತು, ಕಿವಿಯಲ್ಲಿ ಗುಂಯ್. ಬೆಳ್ಳುಳ್ಳಿ ಖಾರ, ತುಪ್ಪ ಹಾಕಿ ಕಲೆಸಿಕೊಟ್ಟ ಬಿಸಿ ಅನ್ನ ಎರಡು ತುತ್ತಿಗೆ ಹೊರಗೆ ಬರುತ್ತಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಎದ್ದು ಕೂತು ನಗುತ್ತಿದ್ದಳು. ಅಮಾವಾಸ್ಯೆಯ ದಿನ ಗಾದೆಮ್ಮ ನೀರು ಹಾಕಲಿಲ್ಲ. ಅಂದು ತಲೆನೋವೂ ಬರಲಿಲ್ಲ. ಇದನ್ನು ಗಮನಿಸಿದವಳು ಶೃತಿ ಒಬ್ಬಳೇ. ಇನ್ನೊಂದನ್ನೂ ಅವಳು ಗಮನಿಸಿದಳು. ಗಾದೆಮ್ಮನೂ ಬಚ್ಚಲಿಂದ ಬಂದ ಮೇಲೆ ಗೋಡೆ ಹಿಡಿದು ನಡೆಯುತ್ತಿದ್ದಳು, ಹಣೆಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದಳು. ಕೇಳಿದರೆ “ವಯಸ್ಸಾತು” ಎನ್ನುತ್ತಿದ್ದಳು.

ಮನೆಯವರು ಕಂಡುಹಿಡಿದ ಕಾರಣ ಬೇರೆ. ಶುಕ್ರವಾರ ಸಂಜೆ ಗಾದೆಮ್ಮ ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ಬಾಣಂತಿಗೂ ಕೂಸಿಗೂ ನಿವಾಳಿಸಿ ಒಲೆಗೆ ಹಾಕಿದಳು.

“ಘಾಟು ಬಂತೇನು?”

“ಇಲ್ಲ,” ಎಂದಳು ತಿಪ್ಪೇರುದ್ರಮ್ಮ.

“ಬರಂಗಿಲ್ಲ. ಘಾಟು ಬರಲಿಲ್ಲ ಅಂದ್ರ ದೃಷ್ಟಿ. ಅದೂ ಹೊರಗಿಂದಲ್ಲ.” ಆಕೆ ಯಾರ ಹೆಸರನ್ನೂ ಎತ್ತಲಿಲ್ಲ. ಹೆಸರು ಹೇಳುವ ಅಗತ್ಯ ಇರಲಿಲ್ಲ.

ಮರುದಿನ ಕೂಸು ಅತ್ತಾಗ ಎತ್ತಿಕೊಳ್ಳಲು ಹೋದ ಶೃತಿಗೆ ಕೀರ್ತನಾ “ಇರಲಿ ಬಿಡು ಅತ್ತಿಗಿ, ನಮ್ಮವ್ವ ಬರ್ತಾಳ” ಎಂದಳು.

“ನೀನೂ ಅಂತೀಯೇನ ಕೀರ್ತನಾ?”

“ನಾ ಏನೂ ಅನ್ನಂಗಿಲ್ಲ. ಅಜ್ಜಿ ಬೈತಾಳ.”

“ನಿನ್ನ ತಲಿನೋವು ನನ್ನ ಕಣ್ಣಿಂದ ಬರಾಕತ್ತಿಲ್ಲ, ನಿಮ್ಮಣ್ಣನ ಕೈಯಿಂದ ಬರಾಕತ್ತೈತಿ. ನಾಳಿ ನೀರಿಗೆ ಹೋದಾಗ ಗೀಸರಿನ ಕಿಂಡ್ಯಾಗ ನೋಡು. ಉರಿ ನೀಲಿ ಐತೋ, ಹಳದಿ ಐತೋ ನೋಡು.”

ಕೀರ್ತನಾ ನೋಡಿದಳು. “ಹಳದಿ ಐತಿ,” ಎಂದು ಬಂದು ಹೇಳಿದಳು, ತಲೆ ಹಿಡಿದುಕೊಂಡು. “ಹಳದಿ ಇದ್ರ ಏನಾತು?”

“ಗಾಳಿ ಸಾಲವಲ್ದು ಅಂತ. ಉರಿಗೂ ಸಾಲವಲ್ದು, ನಿಮಗೂ ಸಾಲವಲ್ದು.”

ಕೀರ್ತನಾ ಗಂಡನಿಗೆ ಫೋನ್ ಮಾಡಿದಳು. ಅರುಣಕುಮಾರ್ ಹರಪನಹಳ್ಳಿಯ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ಮುಂದಿನ ಭಾನುವಾರ ಹಣ್ಣು, ಕೂಸಿಗೆ ಟೋಪಿ ಹಿಡಿದು ಬಂದ. ಹೆಂಡತಿಯ ಮುಖ ನೋಡಿದವನು, ಊಟ ಬಡಿಸುವಾಗ ವಿಷಯ ತೆಗೆದ.

“ಅತ್ತೆ, ನಮ್ಮನೇಲಿ ಕರೆಂಟ್ ಗೀಸರ್ ಐತೆ. ಇವಳನ್ನ ಈಗಲೇ ಕರ್ಕೊಂಡು ಹೋಗ್ತೀನಿ. ನಮ್ಮಮ್ಮ ನೋಡ್ಕೊಂತಾರೆ.”

ತಿಪ್ಪೇರುದ್ರಮ್ಮನ ಕೈಯ ಹೋಳಿಗೆ ತಟ್ಟೆಯ ಅಂಚಿಗೆ ಬಿತ್ತು. “ಚೊಚ್ಚಲ ಬಾಣಂತಿನ ತಿಂಗಳು ತುಂಬೋಕ ಮೊದ್ಲ ಕಳಿಸ್ಬೇಕೇನ್ರಿ? ಮಂದಿ ಏನಂದಾರು? ತವರುಮನ್ಯಾಗ ನೀರು ಹಾಕಾಕ ಗತಿ ಇರಲಿಲ್ಲ ಅಂತಾರ.”

“ಯಾರು ನಿಮಗ ಏನ್ ಹೇಳ್ಯಾರ?” ಎಂದ ಜಂಬುನಾಥ, ಹೆಂಡತಿಯ ಕಡೆ ನೋಡುತ್ತ. “ಕೊಟ್ಟೂರು, ಕೂಡ್ಲಿಗಿ ಸುತ್ತ ಇನ್ನೂರು ಗೀಸರ್ ಕೂಡಿಸೀನಿ ಭಾವ. ನನ್ನ ತಂಗಿಗೆ ನಾ ಕೆಟ್ಟದ್ದು ಮಾಡ್ತೀನೇನು?”

ಅರುಣಕುಮಾರನಿಗೆ ಇನ್ನೊಂದು ಹೋಳಿಗೆ ಬಿತ್ತು. ನಾಲ್ಕು ಗಂಟೆಯ ಬಸ್ಸಿಗೆ ಅವನು ಒಬ್ಬನೇ ಹೋದ.

ಸೋಮವಾರ ಚಳಿ ಹೆಚ್ಚಿತು. ಬಾಣಂತಿಗೆ ಥಂಡಿ ಹತ್ತಿದೆ, ಅದಕ್ಕೇ ವಾಂತಿ ನಿಲ್ಲುತ್ತಿಲ್ಲ ಎಂದು ಗಾದೆಮ್ಮ ತೀರ್ಮಾನಿಸಿದಳು. ಬಚ್ಚಲ ಬಾಗಿಲ ಕೆಳಗೆ ಎರಡು ಬೆರಳು ಸಂದಿ ಇತ್ತು. ಅವರಿಬ್ಬರನ್ನು ಅಷ್ಟು ದಿನ ಉಳಿಸಿದ್ದು ಆ ಸಂದಿ. ಆ ದಿನದಿಂದ ಅದಕ್ಕೆ ಒಳಗಡೆಯಿಂದ ಹಳೆಯ ಸೀರೆ ಮಡಚಿ ತುರುಕಲಾಯಿತು.

ಬುಧವಾರ, ಬಾಣಂತನದ ಇಪ್ಪತ್ತೊಂಬತ್ತನೆಯ ದಿನ. ಕೂಸಿಗೆ ಮೊದಲು ನೀರು ಹಾಕಿ ಹೊರಗೆ ಕೊಟ್ಟು, ಎಂಟು ಗಂಟೆ ಐದು ನಿಮಿಷಕ್ಕೆ ಗಾದೆಮ್ಮ ಒಳಗಿಂದ ಚಿಲಕ ಹಾಕಿಕೊಂಡಳು. ಎಂಟು ಇಪ್ಪತ್ತಕ್ಕೆ ಶೃತಿ ಪಡಸಾಲೆಯಲ್ಲಿ ಕಸ ಹೊಡೆಯುತ್ತಿದ್ದಳು. ಬಕೆಟ್ ತುಂಬಿ ನೀರು ಹೊರಗೆ ಚೆಲ್ಲುವ ಸದ್ದು ಬರುತ್ತಿತ್ತು. ಚೊಂಬಿನ ಸದ್ದು ಇರಲಿಲ್ಲ. ಗಾದೆಮ್ಮನ ಬೈಗುಳವೂ ಇರಲಿಲ್ಲ.

“ಅಜ್ಜೀ. ಕೀರ್ತನಾ.”

ಉತ್ತರ ಬರಲಿಲ್ಲ. ಶೃತಿ ಮೊದಲು ಓಡಿದ್ದು ಸಿಲಿಂಡರಿನ ಕಡೆಗೆ. ರೆಗ್ಯುಲೇಟರ್ ತಿರುಗಿಸಿ ನಿಲ್ಲಿಸಿ, ತಿರುಗಿ ಬಂದು ಬಾಗಿಲಿಗೆ ಒದ್ದಳು. ಮೂರನೆಯ ಒದೆಗೆ ಚಿಲಕದ ಕೊಂಡಿ ಕಿತ್ತು ಬಂತು. ಕೀರ್ತನಾ ಮಣೆಯಿಂದ ಜಾರಿ, ಗೋಡೆಗೆ ಕತ್ತು ವಾಲಿಸಿ ಬಿದ್ದಿದ್ದಳು. ಗಾದೆಮ್ಮ ಬಾಗಿಲ ಹತ್ತಿರ ಮಂಡಿಯ ಮೇಲಿದ್ದಳು. ಕಣ್ಣು ತೆರೆದಿದ್ದವು, ಬಾಯಿಂದ ಮಾತು ಬರುತ್ತಿರಲಿಲ್ಲ. ಶೃತಿ ಉಸಿರು ಬಿಗಿಹಿಡಿದು ನಾದಿನಿಯ ಕಂಕುಳಿಗೆ ಕೈ ಹಾಕಿ ಹಿತ್ತಲಿಗೆ ಎಳೆದಳು, ಮತ್ತೆ ಹೋಗಿ ಅಜ್ಜಿಯನ್ನು ಎಳೆದಳು.

ತಿಪ್ಪೇರುದ್ರಮ್ಮ ಕೂಸನ್ನು ಅವಚಿಕೊಂಡು ಕಿರುಚಿದಳು, “ಗಾಳಿಗೆ ಯಾಕ ಹಾಕ್ತೀಯೇ! ಮುಚ್ಚೇ, ಏನಾರ ಮುಚ್ಚೇ!”

“ಮೈ ಮುಚ್ಚು ಅತ್ತಿ, ಮುಖ ಮುಚ್ಚಬ್ಯಾಡ! ಗಾಳಿನ ಬೇಕು ಆಕಿಗೆ!”

ಬಯಲಲ್ಲಿ ಗಾದೆಮ್ಮ ಹತ್ತು ನಿಮಿಷಕ್ಕೆ ಎದ್ದು ಕೂತಳು, ವಾಂತಿ ಮಾಡಿಕೊಂಡಳು, ಆಸ್ಪತ್ರೆಗೆ ಬರುವುದಿಲ್ಲ ಎಂದಳು. ಕೀರ್ತನಾ ನರಳುತ್ತಿದ್ದಳು, ಎಚ್ಚರವಾಗಲಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆ ಮುಟ್ಟಿದಾಗ ಒಂಬತ್ತು ಗಂಟೆಗೆ ಐದು ನಿಮಿಷ ಇತ್ತು. ಜಂಬುನಾಥ ಅಂಗಡಿಯಿಂದ ನೇರ ಅಲ್ಲಿಗೆ ಬಂದ.

ಡಾಕ್ಟರ್ ಇನ್ನೂ ಮೂವತ್ತು ದಾಟದ ಹೆಣ್ಣುಮಗಳು. ರಕ್ತದೊತ್ತಡ ನೋಡಿದಳು, ಕಣ್ಣಿಗೆ ಬೆಳಕು ಬಿಟ್ಟಳು, ಬೆರಳಿಗೆ ಕ್ಲಿಪ್ ಹಾಕಿದಳು. ಕ್ಲಿಪ್ಪಿನ ಮೇಲೆ ತೊಂಬತ್ತೆಂಟು ತೋರಿಸಿತು.

“ಆಕ್ಸಿಜನ್ ಸರಿ ಇದೆ. ಫಿಟ್ಸ್ ಬಂತಾ? ಬಿದ್ದದ್ದು ಎಲ್ಲಿ?”

“ಬಚ್ಚಲದಾಗ್ರಿ,” ಎಂದ ಜಂಬುನಾಥ. “ಒಂದು ವಾರದಿಂದ ಸರಿ ಉಂಡಿಲ್ರಿ. ನಿಶ್ಶಕ್ತಿ.”

“ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆಯಾ?”

ಜಂಬುನಾಥ ತಂಗಿಯ ಕಾಲ ಕಡೆ ನೋಡಿದ. “ಐತ್ರಿ. ಆದ್ರ ಕಂಡೀಷನ್ ಐತ್ರಿ. ನಾನ ಮಿಸ್ತ್ರಿ. ಹೊಗಿ ಪೈಪ್ ಹೊರಗ ಐತಿ, ಸೆನ್ಸರ್ ಐತಿ, ಹಂಗೇನಾರ ಇದ್ರ ತಾನ ಆರತೈತಿ. ಅದರದಲ್ರಿ ಇದು. ಆಕ್ಸಿಜನ್ನೂ ತೊಂಬತ್ತೆಂಟು ಐತಲ್ರಿ.”

ಡಾಕ್ಟರ್ ತಲೆಯಾಡಿಸಿ ನರ್ಸ್ ಕಡೆ ತಿರುಗಿ ಗ್ಲೂಕೋಸ್ ಹಚ್ಚಲು ಹೇಳಿದಳು.

“ಸುಳ್ಳು,” ಎಂದಳು ಶೃತಿ.

ತಿಪ್ಪೇರುದ್ರಮ್ಮ ಅವಳ ಸೆರಗು ಜಗ್ಗಿದಳು. ಶೃತಿ ಸೆರಗು ಬಿಡಿಸಿಕೊಂಡಳು.

“ಸುಳ್ಳು ಹೇಳಾಕತ್ಯಾರ್ರಿ ಮೇಡಂ. ಸೆನ್ಸರಿನ ವೈರ್ ಕತ್ತರಿಸಿ ಇವ್ರ ಜೋಡಿಸ್ಯಾರ. ನಾನ ಟಾರ್ಚ್ ಹಿಡಿದೀನಿ. ಪೈಪಿನ ಬಾಯಿಗೆ ಗೋಣಿಚೀಲ ಕಟ್ಟೈತಿ, ಗವಾಕ್ಷಿಗೆ ಕಂಬಳಿ, ಬಾಗಿಲ ಸಂದಿಗೆ ಸೀರಿ. ಇವತ್ತು ಹದಿನೈದು ನಿಮಿಷ ಒಳಗಿದ್ಲು. ಎರಡು ವಾರದಿಂದ ದಿನಾ ತಲಿನೋವು, ವಾಂತಿ. ಜೊತಿಗಿದ್ದ ಅಜ್ಜಿನೂ ಬಿದ್ದಾಳ.”

ಡಾಕ್ಟರ್ ಕ್ಲಿಪ್ ಕಿತ್ತು ಪಕ್ಕಕ್ಕೆ ಇಟ್ಟಳು. “ಕಾರ್ಬನ್ ಮಾನಾಕ್ಸೈಡ್. ಇದರಲ್ಲಿ ಈ ಕ್ಲಿಪ್ ನಂಬೋ ಹಾಗಿಲ್ಲ, ವಿಷ ತುಂಬಿದ ರಕ್ತಕ್ಕೂ ತೊಂಬತ್ತೆಂಟೇ ತೋರಿಸುತ್ತೆ.” ನರ್ಸಿಗೆ ಕೂಗಿದಳು, “ಮಾಸ್ಕ್ ಹಾಕಿ, ಆಕ್ಸಿಜನ್ ಪೂರ್ತಿ ಬಿಡಿ. ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ, ದಾವಣಗೆರೆಗೆ.” ಆಮೇಲೆ ಜಂಬುನಾಥನ ಕಡೆ ತಿರುಗಿದಳು. “ನಿಮ್ಮ ಮಾತು ಕೇಳಿ ನಾನು ಗ್ಲೂಕೋಸ್ ಹಚ್ಚಿ ಮಲಗಿಸಿದ್ದರೆ?”

ಹೊರಗಿನ ಬೆಂಚಿನಲ್ಲಿ ಕೂತ ನಾಲ್ಕಾರು ಜನಕ್ಕೆ ಅವನ ಗುರುತು ಇತ್ತು. ಅವರಲ್ಲಿ ಇಬ್ಬರ ಮನೆಗೆ ಅವನೇ ಗೀಸರ್ ಕೂರಿಸಿದ್ದ.

ಕೀರ್ತನಾ ಮಧ್ಯಾಹ್ನ ಒಂದು ಗಂಟೆಗೆ ದಾವಣಗೆರೆಯಲ್ಲಿ ಕಣ್ಣು ಬಿಟ್ಟು ಕೂಸನ್ನು ಕೇಳಿದಳು. ಐದನೆಯ ದಿನ ಬಿಡುಗಡೆಯಾಯಿತು. ಅರುಣಕುಮಾರ್ ಅಲ್ಲಿಂದಲೇ ಹೆಂಡತಿ, ಕೂಸನ್ನು ಹರಪನಹಳ್ಳಿಗೆ ಕರೆದುಕೊಂಡು ಹೋದ. ತಿಪ್ಪೇರುದ್ರಮ್ಮನಿಗೆ ಫೋನಿನಲ್ಲಿ ಅವನು ಹೇಳಿದ್ದು ಇಷ್ಟೇ: “ಹೋಳಿಗೆ ಹಾಕಿ ಬಾಯಿ ಮುಚ್ಚಿಸಿದ್ರಿ ಅತ್ತೆ. ತಪ್ಪು ನಂದೂ ಐತೆ, ತಿಂದೆ.”

ಮನೆಯಲ್ಲಿ ಆ ಐದು ದಿನ ಒಲೆ ಹೊತ್ತಿದ್ದು ಶೃತಿಯೊಬ್ಬಳ ಕೈಯಿಂದ. ಪಾಲಾಕ್ಷಪ್ಪ ಚೀಲವನ್ನು ಅವತ್ತೇ ಕುಡುಗೋಲಿನಿಂದ ಕೊಯ್ದು ಹಾಕಿದ್ದ. ಗಾದೆಮ್ಮ ಮಾತ್ರ ಮೂರನೆಯ ದಿನ ಗೋಡೆಗೆ ಒರಗಿ ಕೂತು ಶುರು ಮಾಡಿದಳು.

“ಐವತ್ತು ವರ್ಷ ನೀರು ಹಾಕೀನಿ. ಬಾಗಿಲು ಮುಚ್ಚೇ ಹಾಕೀನಿ. ಒಬ್ಬಾಕೀನೂ ಬಿದ್ದಿಲ್ಲ. ಈಗ ಊರ ಮಂದಿ ಮುಂದ ನನ್ನ ಕೊಲೆಗಾರ್ತಿ ಮಾಡಿದ್ಲು.”

“ಆವಾಗ ಒಲಿ ಎಲ್ಲಿತ್ತು ಅಜ್ಜಿ?”

“ಎಲ್ಲಿತ್ತು ಅಂದ್ರ?”

“ಹಳೀ ಮನ್ಯಾಗ ಹಂಡೆ ಒಳಗಿತ್ತು, ಒಲಿ ಬಾಯಿ ಗೋಡಿ ಆಚಿಗಿತ್ತು. ಕಟ್ಟಿಗಿ ಹಿತ್ತಲದಾಗ ನಿಂತು ಹಾಕ್ತಿದ್ರಿ. ಉರಿ ಹೊರಗ, ಬಾಣಂತಿ ಒಳಗ. ಬಾಗಿಲು ಮುಚ್ಚಿದ್ರ ಏನೂ ಆಗ್ತಿರಲಿಲ್ಲ. ಈಗ ಉರಿನ ಬಾಣಂತಿ ಜೊತಿಗೆ ಒಳಗ ಹಾಕಿ ಚಿಲಕ ಹಾಕಿದ್ರಿ.”

“ಮಾತು ಬಲ್ಲಾಕಿ,” ಎಂದು ಗಾದೆಮ್ಮ ಮುಖ ತಿರುಗಿಸಿದಳು. ಅವತ್ತಿನಿಂದ ಆಕೆ ಶೃತಿಯ ಕೈಯ ರೊಟ್ಟಿ ಉಂಡಳು, ಮಾತಾಡಲಿಲ್ಲ.

ಜಂಬುನಾಥ ಮಾತಾಡಿದ್ದು ಆರನೆಯ ದಿನ, ಅಂಗಡಿಯಲ್ಲಿ, ಗಿರಾಕಿ ಇಲ್ಲದ ಹೊತ್ತು ನೋಡಿ.

“ಆಸ್ಪತ್ರ್ಯಾಗ ನನ್ನ ಮಾನ ಕಳದಿ. ಮನಿ ಮಾತು ಮನ್ಯಾಗ ಹೇಳಬೇಕಿತ್ತು.”

“ಮನ್ಯಾಗ ಎಷ್ಟು ಸಲ ಹೇಳೀನಿ, ಲೆಕ್ಕ ಹಾಕ್ರಿ. ಬಡಸ್ತಾ ಹೇಳೀನಿ, ಟಾರ್ಚ್ ಹಿಡ್ಕೊಂಡು ಹೇಳೀನಿ. ಹಡೀಲಾರದಾಕಿ ಅಂದಾಗ ನಿಮ್ಮ ಬಾಯಾಗ ಅನ್ನ ಇತ್ತು. ಡಾಕ್ಟರ್ ಹೇಳಿದ್ದು ಒಂದು ಮಾತು ಆಡಲಿಲ್ಲ ನೀವು. 'ಎರಡೂ ಕಡಿ ದೋಷ ಇಲ್ಲ' ಅನ್ನಾಕ ಎಷ್ಟು ಉಸಿರು ಬೇಕ್ರಿ?”

ಅವನು ಪೈಪಿನ ತುಂಡೊಂದನ್ನು ತಿರುಗಿಸುತ್ತ ಕೂತ. ಅವಳು ಮೇಜಿನ ಖಾನೆಯಿಂದ ರಿಪೇರಿ ಪುಸ್ತಕ ತೆಗೆದು ಅವನ ಮುಂದೆ ಇಟ್ಟಳು.

“ಎಲ್ಲಾ ಕಡಿ ಇದ ಮಾಡೋದು ಅಂದ್ರಿ. ಎಲ್ಲೆಲ್ಲಿ?”

“ಬಿಡು ಅದನ್ನ.”

“ಪದೇ ಪದೇ ಆರುತ್ತದೆ, ಸರಿ ಮಾಡಿದೆ. ಪದೇ ಪದೇ ಆರುತ್ತದೆ, ಸರಿ ಮಾಡಿದೆ. ಎರಡು ವರ್ಷದಾಗ ಇಂಥಾವು ಇಪ್ಪತ್ತಮೂರು ಅದಾವ. ಎಲ್ಲಾ ನನ್ನ ಅಕ್ಷರದಾಗ ಅದಾವ. ನೀವು ಬಂದು ಹೇಳ್ತಿದ್ರಿ, ನಾ ಬರೀತಿದ್ದೆ. ಸರಿ ಮಾಡಿದ್ದು ಅಂದ್ರ ಇದೇನು?”

“ಅವ್ರಿಗೆಲ್ಲಾ ಫೋನ್ ಮಾಡಿದ್ರ ಅಂಗಡಿ ಮುಚ್ಚಬೇಕು. ಒಬ್ಬರೂ ಒಳಗ ಕಾಲಿಡಂಗಿಲ್ಲ.”

“ಮುಚ್ಚಲಿ.”

“ಉಣ್ಣಾಕ ಏನ್ ಮಾಡ್ತಿ?”

“ಅದನ್ನ ಆಮ್ಯಾಲೆ ನೋಡೋಣು. ಮೊದ್ಲು ಇವ್ರು ಇವತ್ತು ನೀರು ಹಾಕ್ಕೊಂಡಾರೋ ಇಲ್ಲೋ ಕೇಳ್ತೀನಿ.”

ಅವಳು ಮೊದಲ ನಂಬರ್ ಒತ್ತಿದಳು. ಫೋನನ್ನು ಕಸಿಯಲು ಬಂದ ಅವನ ಕೈಯನ್ನು ರಿಪೇರಿ ಪುಸ್ತಕದಿಂದ ಹೊಡೆದಳು. ಆ ಕಡೆಯಿಂದ “ಹಲೋ” ಎಂದದ್ದು ಇಬ್ಬರಿಗೂ ಕೇಳಿಸಿತು.

“ಜಂಬುನಾಥನ ಅಂಗಡಿಯಿಂದ್ರಿ. ನಿಮ್ಮ ಗೀಸರ್ ನಾವು ತಪ್ಪು ರಿಪೇರಿ ಮಾಡೀವಿ. ನಾವು ಬರೋ ಮಟ ಹಚ್ಚಬ್ಯಾಡ್ರಿ. ಹೌದ್ರಿ, ತಪ್ಪು ನಮ್ದ.”

ಸಂಜೆಯೊಳಗೆ ಇಪ್ಪತ್ತಮೂರು ಮನೆಗಳಿಗೂ ಫೋನ್ ಹೋಯಿತು. ಮರುದಿನದಿಂದ ಜಂಬುನಾಥ ಹೊರಟ. ಹೊರಡು ಎಂದು ಅವಳು ಮತ್ತೆ ಹೇಳಲಿಲ್ಲ. ಫೋನ್ ಹೋದಮೇಲೆ ಅವನಿಗೆ ಕೂರಲು ಸಾಧ್ಯವಿರಲಿಲ್ಲ. ಕೊಟ್ಟೂರಿನಲ್ಲಿ ಹನ್ನೆರಡು ಮನೆ, ಕೂಡ್ಲಿಗಿಯಲ್ಲಿ ಏಳು, ಹಗರಿಬೊಮ್ಮನಹಳ್ಳಿಯಲ್ಲಿ ಮೂರು. ಬಿಲ್ಲೆಗೆ ವೈರ್ ಮತ್ತೆ ಸೇರಿಸಿದ, ಗುಬ್ಬಿ ಗೂಡು ಕಟ್ಟಿದ ಕೊಳವೆ ಬಿಡಿಸಿದ, ಐದು ಕಡೆ ಗೀಸರನ್ನೇ ಕಳಚಿ ಹೊರಗೋಡೆಗೆ ಕೂರಿಸಿದ. ಕೂಡ್ಲಿಗಿಯಲ್ಲಿ ಪಕ್ಕೀರಪ್ಪ ಎಂಬ ಮೇಷ್ಟ್ರು ಅವನನ್ನು ಅಂಗಳದಲ್ಲಿ ನಿಲ್ಲಿಸಿ ಅರ್ಧ ಗಂಟೆ ಬೈದರು. ಅವರ ಹೆಂಡತಿ ಒಂದು ಸಲ ಬಚ್ಚಲಲ್ಲಿ ಬಿದ್ದು ಮುಂಗೈ ಮುರಿದುಕೊಂಡಿದ್ದರು. ಶುಗರ್ ಎಂದುಕೊಂಡಿದ್ದರಂತೆ.

ಉಳಿದದ್ದು ಕಾನಹೊಸಹಳ್ಳಿಯ ಮರುಳಸಿದ್ದಮ್ಮನ ಮನೆ. ಅಲ್ಲಿ ಪಕ್ಕದವರು ಹೊಸ ಗೋಡೆ ಎಬ್ಬಿಸಿ, ಕೊಳವೆಯ ಬಾಯಿ ಗೋಡೆಗೆ ಒತ್ತಿಹೋಗಿತ್ತು. ಜಂಬುನಾಥ ವೈರ್ ಸೇರಿಸಿ ನಳ ಬಿಟ್ಟ. ಮೂರು ನಿಮಿಷಕ್ಕೆ ಆರಿತು.

“ರಿಪೇರಿ ಮಾಡಾಕ ಬಂದೀಯೋ ಕೆಡಸಾಕ ಬಂದೀಯೋ?” ಎಂದಳು ಆಕೆ. “ಎರಡು ವರ್ಷ ಚಲೋ ನಡದೈತಿ.”

“ಅಕ್ಕಾರ, ಅದು ಆರಬೇಕ್ರಿ. ಪೈಪ್ ಬ್ಯಾರೆ ಕಡಿ ತಿರುಗಿಸ್ಬೇಕು. ಇಲ್ಲಾಂದ್ರ...”

“ಗೋಡಿ ಒಡಿಯಾಕ ನಾ ಒಲ್ಲೆ. ನಿನ್ನ ತಂಗಿ ಬಿದ್ಲು ಅಂತ ಊರ ಮಂದಿ ಎಲ್ಲಾ ತಣ್ಣೀರು ಹಾಕ್ಕೋಬೇಕೇನು? ನಡಿ ಮೊದ್ಲು.”

ಆ ಮಾತಿನ ಮೇಲೆ ಅವನು ಸೇರಿಸಿದ ವೈರನ್ನು ಹಾಗೇ ಬಿಟ್ಟು ವಾಪಸ್ ಬಂದ. ಮರುದಿನ ಮಧ್ಯಾಹ್ನ ಮರುಳಸಿದ್ದಮ್ಮ ತಾನೇ ಅಂಗಡಿಗೆ ಫೋನ್ ಮಾಡಿ, ಬೇರೆ ಮಿಸ್ತ್ರಿಯನ್ನು ಕರೆಸಿ ಬಿಲ್ಲೆಯ ವೈರ್ ಮತ್ತೆ ಕತ್ತರಿಸಿ ಒಂದಕ್ಕೊಂದು ಜೋಡಿಸಿಕೊಂಡಿರುವುದಾಗಿಯೂ, ಈಗ ಗೀಸರ್ ಭರ್ಜರಿ ನಡೆಯುತ್ತಿರುವುದಾಗಿಯೂ ಶೃತಿಗೆ ತಿಳಿಸಿದಳು.

ಅದರ ಮರುದಿನ ಬೆಳಿಗ್ಗೆ ಏಳು ಗಂಟೆಯ ಬಸ್ಸಿಗೆ ಶೃತಿ ಕಾನಹೊಸಹಳ್ಳಿಗೆ ಹೊರಟಳು. ಜಂಬುನಾಥ ಎರಡು ಸೀಟು ಹಿಂದೆ, ಗೋಡೆ ಕೊರೆಯುವ ಯಂತ್ರವನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಕೂತಿದ್ದ.